ಹೊಸ್ತಿಲ ಬಳಿಯ ಹ್ಯಾಡ್ರಾನ್ ರೆಸೊನೆನ್ಸ್: ದಿಬ್ಬದಿಂದ ಪೋಲ್‌ವರೆಗೆ

ಡೇಟಾದಲ್ಲಿ ಒಂದು ದಿಬ್ಬ ಕಾಣಿಸುತ್ತದೆ: ಹುಟ್ಟಿದ ಕ್ಷಣದಲ್ಲೇ ಒಡೆಯುವ ಹ್ಯಾಡ್ರಾನ್‌ನ (ಕ್ವಾರ್ಕ್‌ಗಳಿಂದಾದ ಕಣದ), ಅಂದರೆ ರೆಸೊನೆನ್ಸ್‌ನ ಗುರುತು. ಅದಕ್ಕೆ ಇಂಥ ಶಿಖರಗಳಿಗೆ ರೂಢಿಯಲ್ಲಿರುವ ಬ್ರೈಟ್-ವಿಗ್ನರ್ ಸೂತ್ರ ಹಾಕಿ ಫಿಟ್ ಮಾಡುತ್ತೇವೆ. ಎರಡು ಸಂಖ್ಯೆ ಸಿಗುತ್ತವೆ: ರಾಶಿ ಮತ್ತು ಅಗಲ. ಕೆಲಸ ಮುಗಿಯಿತು ಅನಿಸುತ್ತದೆ. ದಿಬ್ಬ ಕಿರಿದಾಗಿ, ಒಂಟಿಯಾಗಿ, ಎಲ್ಲ ಹೊಸ್ತಿಲುಗಳಿಂದ ದೂರ ನಿಂತಿದ್ದರೆ ಇದು ತಕ್ಕಮಟ್ಟಿಗೆ ಸರಿ. ಹೊಸ್ತಿಲ ಪಕ್ಕದಲ್ಲೇ ಇದ್ದರೆ ಆ ಎರಡೂ ಸಂಖ್ಯೆಗಳು ದಾರಿ ತಪ್ಪಿಸುತ್ತವೆ.

ಎಷ್ಟರ ಮಟ್ಟಿಗೆ? 2021ರಲ್ಲಿ ಸರ್ನ್‌ನ ಎಲ್‌ಎಚ್‌ಸಿಬಿ ಪ್ರಯೋಗ ಟಿಸಿಸಿ(3875) ಎಂಬ ಕಣವನ್ನು ಪ್ರಕಟಿಸಿತು. ಎರಡು ಚಾರ್ಮ್ ಕ್ವಾರ್ಕ್ ಇರುವ ಟೆಟ್ರಾಕ್ವಾರ್ಕ್, ಅಂದರೆ ನಾಲ್ಕು ಕ್ವಾರ್ಕ್‌ಗಳ ಕಣ ಅದು. ಬ್ರೈಟ್-ವಿಗ್ನರ್ ಫಿಟ್‌ನಲ್ಲಿ ಅದರ ಅಗಲ ಸುಮಾರು 410 ಕೆಇವಿ (ಸಾವಿರ ಎಲೆಕ್ಟ್ರಾನ್ ವೋಲ್ಟ್; ಸಾವಿರ ಕೆಇವಿ ಸೇರಿದರೆ ಒಂದು ಎಂಇವಿ) ಬಂತು. ಅದೇ ಡೇಟಾಗೆ ಹೊಸ್ತಿಲನ್ನು ಸರಿಯಾಗಿ ಲೆಕ್ಕಕ್ಕೆ ತಂದ ಸೂತ್ರ ಹಾಕಿ ಪೋಲ್ ಹುಡುಕಿದಾಗ ಬಂದದ್ದು 48 ಕೆಇವಿ. ಡೇಟಾ ಒಂದೇ, ಕಣ ಒಂದೇ, ಉತ್ತರದಲ್ಲಿ ಎಂಟು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ.

ಹೊಸ್ತಿಲು ಅಂದರೆ ಇಲ್ಲಿ ಥ್ರೆಶೋಲ್ಡ್: ಒಂದು ಹೊಸ ಜೋಡಿ ಕಣಗಳು ಹುಟ್ಟಲು ಬೇಕಾದ ಕನಿಷ್ಠ ಶಕ್ತಿ. ಪೋಲ್ ಅಂದರೆ ಚದುರಿಕೆಯ ಆಂಪ್ಲಿಟ್ಯೂಡ್ ಅನಂತಕ್ಕೆ ಹೋಗುವ ಬಿಂದು. ರೆಸೊನೆನ್ಸ್‌ನ ಪೋಲ್ ಸಂಕೀರ್ಣ ಶಕ್ತಿಯ ಸಮತಲದಲ್ಲಿರುತ್ತದೆ. ಅದರ ವಾಸ್ತವ ಭಾಗ ರಾಶಿ. ಕಾಲ್ಪನಿಕ ಭಾಗದ ಎರಡರಷ್ಟು ಅಗಲ. ದಿಬ್ಬದ ಆಕಾರ ಪ್ರಯೋಗದಿಂದ ಪ್ರಯೋಗಕ್ಕೆ ಬದಲಾಗುತ್ತದೆ, ಪೋಲ್ ಬದಲಾಗುವುದಿಲ್ಲ. ನಾವು ಅಳೆಯಬೇಕಾದದ್ದು ಪೋಲನ್ನೇ. ಡೆಲ್ಟಾ(1232)ನಂಥ ಹಳೆಯ, ಚೆನ್ನಾಗಿ ಗೊತ್ತಿರುವ ಕಣದಲ್ಲೂ ಈ ವ್ಯತ್ಯಾಸ ಕಾಣುತ್ತದೆ. ಬ್ರೈಟ್-ವಿಗ್ನರ್ ರಾಶಿ 1232 ಎಂಇವಿ, ಪೋಲ್‌ನ ವಾಸ್ತವ ಭಾಗ ಸುಮಾರು 1210 ಎಂಇವಿ.

ಈ ಲೇಖನ ಒಂದು ರಾಶಿ-ಹಂಚಿಕೆಯ ಚಿತ್ರ ಕೈಯಲ್ಲಿಟ್ಟುಕೊಂಡು ಎಲ್ಲಿಂದ ಶುರು ಮಾಡಬೇಕು ಎಂದು ಕೇಳುವವರಿಗೆ. ಕ್ವಾಂಟಮ್ ಚದುರಿಕೆಯ ಮೊದಲ ಪಾಠಗಳು ಗೊತ್ತಿದ್ದರೆ ಸಾಕು.

ಮೊದಲು ಹೊಸ್ತಿಲುಗಳನ್ನು ಬರೆದುಕೊಳ್ಳಿ

ಫಿಟ್ ಪ್ರೋಗ್ರಾಂ ತೆರೆಯುವ ಮುಂಚೆ ಒಂದು ಕಾಗದ ತೆಗೆದುಕೊಳ್ಳಿ. ದಿಬ್ಬದ ಸುತ್ತಮುತ್ತ 100 ಎಂಇವಿ ಒಳಗೆ ಯಾವ ಯಾವ ಜೋಡಿಗಳ ಹೊಸ್ತಿಲು ಬರುತ್ತದೆ, ಪಟ್ಟಿ ಮಾಡಿ. ಕಣದ ಕ್ವಾಂಟಮ್ ಸಂಖ್ಯೆಗೆ ಒಪ್ಪುವ ಜೋಡಿಗಳು ಮಾತ್ರ ಸಾಕು. ಅದರಲ್ಲೂ ಎಸ್-ವೇವ್‌ನಲ್ಲಿ, ಅಂದರೆ ಕಕ್ಷೀಯ ಕೋನೀಯ ಸಂವೇಗ ಸೊನ್ನೆಯಾಗಿ ಸೇರುವ ಜೋಡಿಗಳಿಗೆ ಮೊದಲ ಗಮನ ಕೊಡಿ. ಮೇಲಿನ ವೇವ್‌ಗಳಲ್ಲಿ ಹೊಸ್ತಿಲ ಪರಿಣಾಮ ಸಂವೇಗದ ಹೆಚ್ಚಿನ ಘಾತದಿಂದ ಕುಗ್ಗಿಹೋಗುತ್ತದೆ. ಎಸ್-ವೇವ್‌ನಲ್ಲಿ ಅದು ಚೂಪಾಗಿ ನಿಲ್ಲುತ್ತದೆ.

ಇಲ್ಲಿ ಬಹಳ ಜನ ಮಾಡುವ ತಪ್ಪು ಎಂದರೆ ಐಸೋಸ್ಪಿನ್ ಜೊತೆಗಾರರಿಗೆ (ಚಾರ್ಜ್ ಬೇರೆ, ರಾಶಿ ಬಹುತೇಕ ಒಂದೇ ಇರುವ ಕಣಗಳಿಗೆ) ಸರಾಸರಿ ರಾಶಿ ಬಳಸುವುದು. ಎಫ್0(980) ಎಂಬ ಕಣ ನೋಡಿ. ಚಾರ್ಜ್ ಇರುವ ಕೇಯಾನ್ ಜೋಡಿಯ ಹೊಸ್ತಿಲು 987.4 ಎಂಇವಿ, ಚಾರ್ಜ್ ಇಲ್ಲದ ಜೋಡಿಯದ್ದು 995.2 ಎಂಇವಿ. ನಡುವೆ 8 ಎಂಇವಿ ಅಂತರ. ಎಕ್ಸ್(3872)ಗೆ ಇದು ಇನ್ನೂ ಮುಖ್ಯ. ಚಾರ್ಜ್ ಇಲ್ಲದ ಡಿ ಮತ್ತು ಡಿ-ಸ್ಟಾರ್ ಜೋಡಿ 3871.7ರಲ್ಲಿ ತೆರೆಯುತ್ತದೆ, ಚಾರ್ಜ್ ಇರುವ ಜೋಡಿ 3879.9ರಲ್ಲಿ. ಕಣದ ರಾಶಿಯೇ 3871.65 ಎಂಇವಿ, ಅನಿಶ್ಚಿತತೆ 0.06. ಅಂದರೆ ಅದು ಹೊಸ್ತಿಲ ಮೇಲೆಯೇ ಕೂತಿದೆ, ಒಳಗೋ ಹೊರಗೋ ಹೇಳುವುದೇ ಕಷ್ಟ. ಇಂಥ ಕಡೆ 8 ಎಂಇವಿ ಸರಾಸರಿ ಮಾಡಿಬಿಟ್ಟರೆ ಕಥೆಯೇ ಕಳೆದುಹೋಗುತ್ತದೆ.

ಪಟ್ಟಿಯಲ್ಲಿ ಇನ್ನೊಂದು ಸಾಲು ಸೇರಿಸಿ: ಜೋಡಿಯಲ್ಲಿರುವ ಕಣಗಳೇ ಅಸ್ಥಿರವೇ? ಚಾರ್ಜ್ ಇರುವ ಡಿ-ಸ್ಟಾರ್‌ನ ಅಗಲ 83 ಕೆಇವಿ. ನೀವು ಹುಡುಕುತ್ತಿರುವ ಅಗಲವೂ ಅಷ್ಟೇ ಇದ್ದರೆ ಆ ಹೊಸ್ತಿಲನ್ನು ಚೂಪು ಗೆರೆ ಎಂದು ಭಾವಿಸುವಂತಿಲ್ಲ. ಡಿ-ಸ್ಟಾರ್ ಒಡೆದು ಬರುವ ಮೂರು ಕಣಗಳ ಹೊಸ್ತಿಲನ್ನೂ ಸೇರಿಸಬೇಕು. ಟಿಸಿಸಿ ವಿಶ್ಲೇಷಣೆಯಲ್ಲಿ ಹಾಗೆಯೇ ಮಾಡಿದರು.

ಡೇಟಾದ ಕಣ್ಣು ಎಷ್ಟು ಚುರುಕು?

ಡಿಟೆಕ್ಟರ್‌ನ ರೆಸಲ್ಯೂಷನ್ ಎಷ್ಟು, ಬಿನ್ ಅಗಲ ಎಷ್ಟು, ಹೊಸ್ತಿಲಿಂದ ದಿಬ್ಬಕ್ಕೆ ಎಷ್ಟು ದೂರ. ಈ ಮೂರು ಸಂಖ್ಯೆಗಳನ್ನು ಅಕ್ಕಪಕ್ಕ ಬರೆಯಿರಿ. ಮೊದಲೆರಡು ಮೂರನೆಯದಕ್ಕಿಂತ ದೊಡ್ಡದಾದರೆ ನೀವು ಕಣ್ಣಲ್ಲಿ ನೋಡುತ್ತಿರುವ ಆಕಾರ ಡಿಟೆಕ್ಟರ್‌ನದ್ದು, ಕಣದ್ದಲ್ಲ. ಟಿಸಿಸಿಗೆ ರೆಸಲ್ಯೂಷನ್ ಸುಮಾರು 400 ಕೆಇವಿ ಇತ್ತು. ಬ್ರೈಟ್-ವಿಗ್ನರ್ ಅಗಲವೂ 410 ಕೆಇವಿ ಬಂದದ್ದನ್ನು ನೋಡಿದರೆ ಎಚ್ಚರವಾಗಬೇಕು, ಅಲ್ವಾ?

ಹಾಗಂತ ಕೈ ಚೆಲ್ಲಬೇಕಿಲ್ಲ. ಮಾದರಿಯನ್ನು ಮೊದಲು ರೆಸಲ್ಯೂಷನ್ ಜೊತೆ ಕನ್ವಲ್ಯೂಷನ್ ಮಾಡಿ (ಅಷ್ಟು ಅಗಲಕ್ಕೆ ಮಸುಕು ಮಾಡಿ), ಆಮೇಲೆ ಡೇಟಾ ಜೊತೆ ಹೋಲಿಸಿ. ಡೇಟಾದಿಂದ ರೆಸಲ್ಯೂಷನ್ ಬಿಡಿಸಿ ತೆಗೆಯಲು ಹೋಗಬೇಡಿ. ಅದರಿಂದ ಏರಿಳಿತಗಳು ಹಿಗ್ಗುತ್ತವೆ. ಬಿನ್ ಇಲ್ಲದ ಫಿಟ್ ಸಾಧ್ಯವಿದ್ದರೆ ಅದನ್ನೇ ಮಾಡಿ. ಬಿನ್ ಇದ್ದರೆ ಮಾದರಿಯ ಬೆಲೆಯನ್ನು ಬಿನ್‌ನ ಮಧ್ಯದಲ್ಲಿ ತೆಗೆದುಕೊಳ್ಳದೆ ಇಡೀ ಬಿನ್ ಮೇಲೆ ಸರಾಸರಿ ಮಾಡಿ. ಹೊಸ್ತಿಲು ಒಂದು ಬಿನ್‌ನ ನಡುವೆ ಬಿದ್ದಿದ್ದರೆ ಇದು ತುಂಬ ಮುಖ್ಯ.

ಒಂದು ಚಾನೆಲ್‌ನ ಸರಳ ಲೆಕ್ಕ: ಇಲ್ಲಿ ಸ್ವಲ್ಪ ನಿಲ್ಲೋಣ

ಚಾನೆಲ್ ಅಂದರೆ ರೆಸೊನೆನ್ಸ್ ಜೊತೆ ಸೇರುವ ಒಂದು ಕಣಗಳ ಗುಂಪು. ದೊಡ್ಡ ಮಾದರಿಗೆ ಹೋಗುವ ಮುಂಚೆ ಎಲ್ಲರೂ ಒಮ್ಮೆ ಕೈಯಾರೆ ಮಾಡಬೇಕಾದ ಲೆಕ್ಕ ಇದು. ನನಗೆ ಈ ವಿಷಯ ನಿಜವಾಗಿ ಅರ್ಥವಾದದ್ದು ಈ ಲೆಕ್ಕದಿಂದ.

ಎಸ್-ವೇವ್‌ನಲ್ಲಿ ಹೊಸ್ತಿಲ ಹತ್ತಿರ ಆಂಪ್ಲಿಟ್ಯೂಡ್ ಹೀಗಿರುತ್ತದೆ:

ಎಫ್ = 1 ÷ (−1/ಎ + ಆರ್·ಕೆ²/2 − ಐ·ಕೆ)

ಇಲ್ಲಿ ಕೆ ಎಂದರೆ ಸಂವೇಗ, ಎ ಎಂದರೆ ಚದುರಿಕೆಯ ಉದ್ದ, ಆರ್ ಎಂದರೆ ಪರಿಣಾಮಕಾರಿ ವ್ಯಾಪ್ತಿ, ಐ ಎಂದರೆ ಮೈನಸ್ ಒಂದರ ವರ್ಗಮೂಲ. ಸದ್ಯಕ್ಕೆ ಆರ್ ಸೊನ್ನೆ ಇರಲಿ. ಆಗ ಕೆ = ಐ/ಎ ಆದಲ್ಲಿ ಪೋಲ್ ಬರುತ್ತದೆ. ಎ ಧನವಾಗಿದ್ದರೆ ಅದು ಬಂಧಿತ ಸ್ಥಿತಿ. ಋಣವಾಗಿದ್ದರೆ ವರ್ಚುವಲ್ ಸ್ಥಿತಿ: ಆಕರ್ಷಣೆ ಇದೆ, ಕಟ್ಟಿಹಾಕುವಷ್ಟು ಇಲ್ಲ. ನ್ಯೂಟ್ರಾನ್-ಪ್ರೋಟಾನ್ ಜೋಡಿಯಲ್ಲಿ ಎರಡೂ ಸಿಗುತ್ತವೆ. ಸ್ಪಿನ್ 1ರಲ್ಲಿ ಎ +5.42 ಫರ್ಮಿ, ಅಲ್ಲಿ ಡ್ಯೂಟರಾನ್ ಇದೆ. ಸ್ಪಿನ್ 0ರಲ್ಲಿ −23.7 ಫರ್ಮಿ, ಅಲ್ಲಿ ಬಂಧಿತ ಸ್ಥಿತಿ ಇಲ್ಲ. ಚಿಹ್ನೆಯ ಪದ್ಧತಿ ಲೇಖನದಿಂದ ಲೇಖನಕ್ಕೆ ಬದಲಾಗುತ್ತದೆ. ಟಿಸಿಸಿ ಲೇಖನದಲ್ಲಿ ಬಂಧಿತ ಸ್ಥಿತಿಗೆ ಎ ಋಣ. ಹಾಗಾಗಿ ಬೇರೆಯವರ ಸಂಖ್ಯೆ ಎತ್ತಿಕೊಳ್ಳುವಾಗ ಅವರ ಸೂತ್ರವನ್ನೂ ನೋಡಿ.

ಈಗ ಎಕ್ಸ್(3872)ನ ಜೋಡಿಯನ್ನೇ ತೆಗೆದುಕೊಳ್ಳಿ. ರೆಡ್ಯೂಸ್ಡ್ ಮಾಸ್, ಅಂದರೆ ಎರಡು ರಾಶಿಗಳ ಗುಣಲಬ್ಧವನ್ನು ಮೊತ್ತದಿಂದ ಭಾಗಿಸಿದ್ದು, ಸುಮಾರು 967 ಎಂಇವಿ. ಉದಾಹರಣೆಗೆ ಎ ಗಾತ್ರ 10 ಫರ್ಮಿ ಇರಲಿ. 1/ಎ ಎಂದರೆ 19.7 ಎಂಇವಿ. ಅದರ ವರ್ಗವನ್ನು ರೆಡ್ಯೂಸ್ಡ್ ಮಾಸ್‌ನ ಎರಡರಷ್ಟರಿಂದ ಭಾಗಿಸಿದರೆ 0.2 ಎಂಇವಿ. ಪೋಲ್ ಹೊಸ್ತಿಲಿಗಿಂತ 200 ಕೆಇವಿ ಕೆಳಗಿದೆ ಎಂದಾಯಿತು.

ಹೊಸ್ತಿಲ ಮೇಲಿನ ತೀವ್ರತೆ ನೋಡಿ: 1 ÷ (1/ಎ² + ಕೆ²). ಇದರಲ್ಲಿ ಎ ವರ್ಗವಾಗಿದೆ. ಚಿಹ್ನೆ ಅಳಿಸಿಹೋಯಿತು! ಹೊಸ್ತಿಲ ಮೇಲಿನ ಡೇಟಾ ಎಷ್ಟೇ ಇರಲಿ, ಈ ಹಂತದಲ್ಲಿ ಬಂಧಿತ ಸ್ಥಿತಿಯನ್ನೂ ವರ್ಚುವಲ್ ಸ್ಥಿತಿಯನ್ನೂ ಬೇರೆ ಮಾಡಲು ಆಗುವುದಿಲ್ಲ.

ಕೆಳಗೆ ಇಳಿದರೆ ಚಿತ್ರ ಬದಲಾಗುತ್ತದೆ. ಹೊಸ್ತಿಲಿನ ಕೆಳಗೆ ಕೆ ಕಾಲ್ಪನಿಕವಾಗುತ್ತದೆ, ಛೇದದಲ್ಲಿ ಅದು 1/ಎ ಜೊತೆ ನೇರವಾಗಿ ಕೂಡುತ್ತದೆ ಅಥವಾ ಕಳೆಯುತ್ತದೆ. ಹೊಸ್ತಿಲಿಂದ 50 ಕೆಇವಿ ಕೆಳಗೆ ತೀವ್ರತೆ ಎಷ್ಟು? ಬಂಧಿತ ಸ್ಥಿತಿಯಾದರೆ ಹೊಸ್ತಿಲಲ್ಲಿ ಇದ್ದದ್ದರ ನಾಲ್ಕು ಪಟ್ಟು. ವರ್ಚುವಲ್ ಆದರೆ ಒಂಬತ್ತರಲ್ಲಿ ನಾಲ್ಕು ಭಾಗ, ಅರ್ಧಕ್ಕಿಂತ ಕಡಿಮೆ. ಒಂದು ಕಡೆ ಹೊಸ್ತಿಲಿನ ಕೆಳಗೆ ನಿಜವಾದ ಶಿಖರ, ಇನ್ನೊಂದು ಕಡೆ ಹೊಸ್ತಿಲಲ್ಲೇ ಚೂಪಾದ ಮೊನೆ. ಈ ಮೊನೆಗೆ ಕಸ್ಪ್ ಎಂದು ಹೆಸರು.

ಹೊಸ್ತಿಲಿನ ಕೆಳಗಿನ ಡೇಟಾ ಎಲ್ಲಿಂದ ಬರಬೇಕು? ಹಗುರವಾದ ಇನ್ನೊಂದು ಚಾನೆಲ್‌ನಿಂದ. ಎಕ್ಸ್(3872)ಗೆ ಅದು ಜೆ-ಸೈ ಜೊತೆ ಎರಡು ಪಯಾನ್. 2003ರಲ್ಲಿ ಬೆಲ್ ಪ್ರಯೋಗ ಈ ಕಣವನ್ನು ಕಂಡದ್ದೂ ಅಲ್ಲೇ. ಆದರೆ ಅಲ್ಲಿ ರೆಸಲ್ಯೂಷನ್ ಒಂದೆರಡು ಎಂಇವಿಗಿಂತ ಜಾಸ್ತಿ. ಮೇಲಿನ ಎರಡು ಆಕಾರಗಳನ್ನು ಅಷ್ಟು ಅಗಲದಲ್ಲಿ ಮಸುಕು ಮಾಡಿ ನೋಡಿ. ಎರಡೂ ಒಂದೇ ದಿಬ್ಬದಂತೆ ಕಾಣುತ್ತವೆ. ಪ್ರಯೋಗದವರು ರೆಸಲ್ಯೂಷನ್‌ಗಾಗಿ ಯಾಕೆ ಅಷ್ಟು ಒದ್ದಾಡುತ್ತಾರೆ ಎಂಬುದು ಇಲ್ಲಿ ಗೊತ್ತಾಗುತ್ತದೆ.

ಮಾದರಿ ಆರಿಸುವುದು

ನಿಜವಾದ ಕೆಲಸಕ್ಕೆ ಕನಿಷ್ಠ ಎರಡು ಚಾನೆಲ್ ಬೇಕು. ಇದಕ್ಕೆ ಮೊದಲು ಕೈಗೆ ಬರುವುದು ಫ್ಲಾಟೆ ಸೂತ್ರ. ಸ್ಟ್ಯಾನ್ಲಿ ಫ್ಲಾಟೆ 1976ರಲ್ಲಿ ಎ0(980)ಗಾಗಿ ಬರೆದದ್ದು. ಬ್ರೈಟ್-ವಿಗ್ನರ್‌ನ ಛೇದದಲ್ಲಿ ಸ್ಥಿರ ಅಗಲದ ಬದಲು ಪ್ರತಿ ಚಾನೆಲ್‌ಗೂ ಒಂದು ಪದ ಇರುತ್ತದೆ: ಆ ಚಾನೆಲ್‌ನ ಕಪ್ಲಿಂಗ್ (ಕಣ ಅದರ ಜೊತೆ ಎಷ್ಟು ಬಲವಾಗಿ ಬೆಸೆದಿದೆ ಎಂಬ ಸಂಖ್ಯೆ) ಗುಣಿಸು ಆ ಚಾನೆಲ್‌ನ ಸಂವೇಗ.

ಹೊಸ್ತಿಲಿನ ಕೆಳಗೆ ಆ ಪದವನ್ನು ಸೊನ್ನೆ ಮಾಡಬೇಡಿ. ಇದನ್ನು ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ಚಾನೆಲ್ ಮುಚ್ಚಿದೆ, ಕಣಗಳು ಹೊರಬರುವುದಿಲ್ಲ, ಹಾಗಾಗಿ ಪದವೂ ಇಲ್ಲ ಎಂದು ತೋರುತ್ತದೆ. ಹಾಗಲ್ಲ. ಸಂವೇಗ ಕಾಲ್ಪನಿಕವಾಗಿ ಮುಂದುವರಿಯುತ್ತದೆ, ಅದು ಛೇದದ ವಾಸ್ತವ ಭಾಗಕ್ಕೆ ಸೇರಿಕೊಂಡು ಶಿಖರವನ್ನು ಸರಿಸುತ್ತದೆ. ಮುಚ್ಚಿದ ಬಾಗಿಲ ಹಿಂದಿನ ಜೋಡಿಯೂ ಕಣದ ರಾಶಿಯನ್ನು ಎಳೆಯುತ್ತಿರುತ್ತದೆ. ಪದವನ್ನು ಸೊನ್ನೆ ಮಾಡಿದರೆ ಅನಾಲಿಟಿಕ್ ಗುಣ, ಅಂದರೆ ಸೂತ್ರ ಸಂಕೀರ್ಣ ಸಮತಲದೊಳಕ್ಕೆ ನಯವಾಗಿ ಮುಂದುವರಿಯುವ ಗುಣ, ಮುರಿದುಹೋಗುತ್ತದೆ. ಆಮೇಲೆ ಪೋಲ್ ಹುಡುಕುವುದಕ್ಕೇ ಅರ್ಥವಿಲ್ಲ.

ಫ್ಲಾಟೆಗೆ ಒಂದು ಪೀಡೆ ಇದೆ. ಹೊಸ್ತಿಲಿಗೆ ತೀರಾ ಹತ್ತಿರದಲ್ಲಿ ಕಪ್ಲಿಂಗ್‌ಗಳು ದೊಡ್ಡದಾದಾಗ ಎಲ್ಲ ಕಪ್ಲಿಂಗ್‌ಗಳನ್ನೂ ರಾಶಿಯ ಅಂತರವನ್ನೂ ಒಂದೇ ಸಂಖ್ಯೆಯಿಂದ ಗುಣಿಸಿದರೂ ಆಕಾರ ಬದಲಾಗುವುದಿಲ್ಲ. ಡೇಟಾದಿಂದ ಸಿಗುವುದು ಅನುಪಾತಗಳು ಮಾತ್ರ. ಫಿಟ್ ಪ್ರೋಗ್ರಾಂ ಒಂದು ಉದ್ದ ಕಣಿವೆಯಲ್ಲಿ ಸುಮ್ನೆ ಅಲೆದಾಡುತ್ತದೆ, ಅನಿಶ್ಚಿತತೆ ಉಬ್ಬುತ್ತದೆ. ಪ್ರೋಗ್ರಾಂ ಕೆಟ್ಟಿದೆ ಎಂದುಕೊಳ್ಳಬೇಡಿ. ಒಂದು ನಿಯತಾಂಕವನ್ನು ಕಟ್ಟಿಹಾಕಿ, ಆ ಬೆಲೆ ಬದಲಿಸಿ ಮತ್ತೆ ಫಿಟ್ ಮಾಡಿ, ಪೋಲ್ ಅಲುಗುತ್ತದೆಯೇ ನೋಡಿ. 2020ರ ಎಕ್ಸ್(3872) ವಿಶ್ಲೇಷಣೆಯಲ್ಲಿ ಎಲ್‌ಎಚ್‌ಸಿಬಿ ಕೂಡ ರಾಶಿಯ ನಿಯತಾಂಕವನ್ನು 3864.5 ಎಂಇವಿಗೆ ಕಟ್ಟಿಹಾಕಿತು. ಬ್ರೈಟ್-ವಿಗ್ನರ್‌ನಲ್ಲಿ 1.39 ಎಂಇವಿ ಅಗಲ ಬಂದಿದ್ದ ಕಡೆ ಫ್ಲಾಟೆ ಆಕಾರದ ಅರ್ಧ ಎತ್ತರದ ಅಗಲ 0.22 ಎಂಇವಿ ಬಂತು. ಎರಡೂ ಡೇಟಾಗೆ ಒಪ್ಪುತ್ತಿದ್ದವು. ಫಿಟ್ ಚೆನ್ನಾಗಿದೆ ಎಂಬುದೊಂದೇ ಸಾಕ್ಷಿಯಾಗಿ ಸಾಲದು.

ಒಂದಕ್ಕಿಂತ ಹೆಚ್ಚು ಪೋಲ್ ಇರುವ ಸಂಶಯವಿದ್ದರೆ ಫ್ಲಾಟೆ ಬಿಟ್ಟು ಕೆ-ಮ್ಯಾಟ್ರಿಕ್ಸ್‌ಗೆ ಹೋಗಿ. ಎರಡು ಬ್ರೈಟ್-ವಿಗ್ನರ್‌ಗಳನ್ನು ಕೂಡಿಸುವುದು ಯುನಿಟಾರಿಟಿಯನ್ನು, ಅಂದರೆ ಒಟ್ಟು ಸಂಭವನೀಯತೆ ಒಂದನ್ನು ಮೀರಬಾರದೆಂಬ ನಿಯಮವನ್ನು, ಮುರಿಯುತ್ತದೆ. ಕೆ-ಮ್ಯಾಟ್ರಿಕ್ಸ್ ಅದನ್ನು ಕಾಪಾಡುತ್ತದೆ. ಫೇಸ್ ಸ್ಪೇಸ್ ಪದದ ಬದಲು ಚ್ಯೂ-ಮ್ಯಾಂಡೆಲ್‌ಸ್ಟಾಮ್ ಫಂಕ್ಷನ್ ಹಾಕಿದರೆ ಅನಾಲಿಟಿಕ್ ಗುಣವೂ ಉಳಿಯುತ್ತದೆ. ಲ್ಯಾಂಬ್ಡಾ(1405)ಗೆ ಇಂಥ ಜೋಡಿ-ಚಾನೆಲ್ ಲೆಕ್ಕವೇ ಬೇಕು. ಅದು ಪೈ-ಸಿಗ್ಮಾ ಹೊಸ್ತಿಲ ಮೇಲೆ, ಕೇಯಾನ್-ನ್ಯೂಕ್ಲಿಯಾನ್ ಹೊಸ್ತಿಲ ಕೆಳಗೆ ಇದೆ. ಡಾಲಿಟ್ಸ್ ಮತ್ತು ಟುಆನ್ 1959ರಲ್ಲೇ ಅದನ್ನು ಊಹಿಸಿದ್ದರು. ಈಗಿನ ವಿಶ್ಲೇಷಣೆಗಳಲ್ಲಿ ಅಲ್ಲಿ ಎರಡು ಪೋಲ್ ಸಿಗುತ್ತವೆ. ಒಂದು 1420ರಿಂದ 1430 ಎಂಇವಿ ಆಸುಪಾಸಿನಲ್ಲಿ, ಸಾಕಷ್ಟು ಗಟ್ಟಿ. ಇನ್ನೊಂದು ಕೆಳಗೆ, ತುಂಬ ಅಗಲ, ಮಾದರಿ ಬದಲಾದಂತೆ ಜಾಗ ಬದಲಿಸುತ್ತದೆ. ಒಂದೇ ದಿಬ್ಬ, ಒಳಗೆ ಎರಡು ಪೋಲ್.

ಎಲ್ಲ ಚಾನೆಲ್‌ಗೂ ಒಟ್ಟಿಗೆ ಫಿಟ್

ಒಂದೇ ಚಾನೆಲ್ ಫಿಟ್ ಮಾಡಿ ತೃಪ್ತರಾಗಬೇಡಿ. ಎಫ್0(980) ಪಯಾನ್-ಪಯಾನ್ ಚದುರಿಕೆಯಲ್ಲಿ ತಗ್ಗಾಗಿ ಕಾಣುತ್ತದೆ. ಅದೇ ಕಣ ಜೆ-ಸೈ ಒಡೆದು ಫೈ ಮತ್ತು ಎರಡು ಪಯಾನ್ ಬರುವಾಗ ಎತ್ತರದ ಶಿಖರವಾಗಿ ಕಾಣುತ್ತದೆ. ಹಿನ್ನೆಲೆಯ ಅಗಲವಾದ ಸಿಗ್ಮಾ ಮೀಸಾನ್ ಜೊತೆ ನಡೆಯುವ ವ್ಯತಿಕರಣ ಎರಡು ಕಡೆ ಬೇರೆ ಬೇರೆ. ತಗ್ಗನ್ನೂ ಶಿಖರವನ್ನೂ ಒಂದೇ ಪೋಲ್ ವಿವರಿಸಬೇಕು. ಅದಕ್ಕೆ ಚದುರಿಕೆಯ ಆಂಪ್ಲಿಟ್ಯೂಡ್ ಒಂದೇ ಇಟ್ಟು, ಉತ್ಪಾದನೆಯ ಪದಗಳನ್ನು ಮಾತ್ರ ಪ್ರತಿ ಕ್ರಿಯೆಗೆ ಬೇರೆ ಮಾಡಿ.

ಹಿನ್ನೆಲೆಯನ್ನು ತೀವ್ರತೆಗೆ ಕೂಡಿಸಬೇಕೋ ಆಂಪ್ಲಿಟ್ಯೂಡ್‌ಗೆ ಕೂಡಿಸಬೇಕೋ? ಅದೇ ಕ್ವಾಂಟಮ್ ಸಂಖ್ಯೆಯ ಹಿನ್ನೆಲೆ ಆಂಪ್ಲಿಟ್ಯೂಡ್‌ಗೆ ಹೋಗುತ್ತದೆ, ತಪ್ಪಾಗಿ ಜೋಡಿಸಿದ ಕಣಗಳಿಂದ ಬಂದದ್ದು ತೀವ್ರತೆಗೆ. ಸಣ್ಣ ವಿಷಯದಂತೆ ಕಾಣುತ್ತದೆ, ಪೋಲ್‌ನ ಜಾಗವನ್ನು ಮಾತ್ರ ಚೆನ್ನಾಗಿ ಸರಿಸುತ್ತದೆ.

ಹೊಸ್ತಿಲ ಮೇಲೆಯೇ ಸಿಗುವ ಬೇರೆ ಅಳತೆ ಇದ್ದರೆ ಅದನ್ನೂ ಕಟ್ಟಿ. ಲ್ಯಾಂಬ್ಡಾ(1405) ವಿಷಯದಲ್ಲಿ ಇದು ವರವಾಗಿ ಬಂತು. ಸಿದ್ಧಾರ್ಥಾ ಪ್ರಯೋಗ 2011ರಲ್ಲಿ ಕೇಯಾನಿಕ್ ಹೈಡ್ರೋಜನ್‌ನ (ಎಲೆಕ್ಟ್ರಾನ್ ಜಾಗದಲ್ಲಿ ಋಣ ಚಾರ್ಜ್‌ನ ಕೇಯಾನ್ ಇರುವ ಪರಮಾಣುವಿನ) ನೆಲಮಟ್ಟ ಎಷ್ಟು ಸರಿದಿದೆ ಎಂದು ಅಳೆಯಿತು: 283 ಎಲೆಕ್ಟ್ರಾನ್ ವೋಲ್ಟ್, ಅಗಲ 541. ಇದರಿಂದ ಹೊಸ್ತಿಲಲ್ಲಿ ಆಂಪ್ಲಿಟ್ಯೂಡ್ ಎಷ್ಟಿರಬೇಕು ಎಂಬುದು ಬಿಗಿಯಾಯಿತು.

ಪೋಲ್ ಹುಡುಕುವುದು

ಸಂವೇಗ ಎಂದರೆ ವರ್ಗಮೂಲ, ವರ್ಗಮೂಲಕ್ಕೆ ಎರಡು ಚಿಹ್ನೆ. ಹಾಗಾಗಿ ಪ್ರತಿ ಚಾನೆಲ್ ಸೇರಿದಾಗ ಶಕ್ತಿಯ ಸಮತಲದ ಹಾಳೆಗಳು ಇಮ್ಮಡಿಯಾಗುತ್ತವೆ. ಒಂದು ಚಾನೆಲ್‌ಗೆ ಎರಡು ಹಾಳೆ, ಎರಡಕ್ಕೆ ನಾಲ್ಕು, ಮೂರಕ್ಕೆ ಎಂಟು. ಇವೇ ರೀಮನ್ ಹಾಳೆಗಳು. ಹಾಳೆಯ ಹೆಸರನ್ನು ಚಿಹ್ನೆಗಳಲ್ಲಿ ಬರೆಯುವುದು ಒಳ್ಳೆಯ ರೂಢಿ: ಮೊದಲ ಚಾನೆಲ್‌ನ ಸಂವೇಗದ ಕಾಲ್ಪನಿಕ ಭಾಗ ಧನವೋ ಋಣವೋ, ಆಮೇಲೆ ಎರಡನೆಯದ್ದು. ಭೌತಿಕ ಹಾಳೆ (+ +). ಎರಡು ಹೊಸ್ತಿಲುಗಳ ನಡುವಿನ ಶಕ್ತಿಗೆ ಹತ್ತಿರದ ಹಾಳೆ (− +). ಎರಡೂ ಹೊಸ್ತಿಲು ದಾಟಿದ ಮೇಲೆ ಹತ್ತಿರದ್ದು (− −).

ಇಲ್ಲಿ ನಾನು ಒಮ್ಮೆ ಬಹಳ ದಿನ ಕಳೆದಿದ್ದೇನೆ. ಪೋಲ್ ಕಂಡು ಮಾಯವಾಗುತ್ತಿತ್ತು. ತಪ್ಪು ಇದ್ದದ್ದು ಪ್ರೋಗ್ರಾಂನ ವರ್ಗಮೂಲದಲ್ಲಿ. ಪ್ರೋಗ್ರಾಮಿಂಗ್ ಭಾಷೆಗಳು ಸಾಮಾನ್ಯವಾಗಿ ವರ್ಗಮೂಲದ ಕಟ್ ಅನ್ನು (ಬೆಲೆ ಥಟ್ಟನೆ ಚಿಹ್ನೆ ಬದಲಿಸುವ ಗೆರೆಯನ್ನು) ಋಣ ಅಕ್ಷದ ಮೇಲೆ ಇಡುತ್ತವೆ. ನಮಗೆ ಬೇಕಾದದ್ದು ಹೊಸ್ತಿಲಿಂದ ಬಲಕ್ಕೆ ಹೋಗುವ ಕಟ್. ಪರಿಹಾರ ಸುಲಭ. ಹೀಗೆ ಬರೆಯಿರಿ:

ಕೆ = ಐ × ವರ್ಗಮೂಲ(−2 × ರೆಡ್ಯೂಸ್ಡ್ ಮಾಸ್ × ಶಕ್ತಿ)

ಇಲ್ಲಿ ಶಕ್ತಿಯನ್ನು ಹೊಸ್ತಿಲಿಂದ ಎಣಿಸಬೇಕು. ಹೀಗೆ ಬರೆದರೆ ಕೆಯ ಕಾಲ್ಪನಿಕ ಭಾಗ ಎಲ್ಲೆಡೆ ಧನವಾಗಿರುತ್ತದೆ, ಅಂದರೆ ನೀವು ಭೌತಿಕ ಹಾಳೆಯಲ್ಲೇ ಇರುತ್ತೀರಿ. ಇನ್ನೊಂದು ಹಾಳೆ ಬೇಕಾದರೆ ಮುಂದೆ ಮೈನಸ್ ಹಾಕಿ, ಅಷ್ಟೇ.

ಆಮೇಲೆ ಪ್ರತಿ ಹಾಳೆಯ ಮೇಲೂ ಛೇದದ ಗಾತ್ರದ ನಕ್ಷೆ ಬಿಡಿಸಿ. ತಗ್ಗು ಕಂಡ ಕಡೆಯಿಂದ ನ್ಯೂಟನ್ ವಿಧಾನದಲ್ಲಿ ಸೊನ್ನೆ ಹುಡುಕಿ. ನಕ್ಷೆ ಬಿಡಿಸದೆ ನೇರವಾಗಿ ನ್ಯೂಟನ್‌ಗೆ ಹೋಗಬೇಡಿ, ಒಂದು ಪೋಲ್ ಸಿಕ್ಕಿ ಇನ್ನೊಂದು ತಪ್ಪಿಹೋಗುತ್ತದೆ. ಭೌತಿಕ ಹಾಳೆಯಲ್ಲಿ ವಾಸ್ತವ ಅಕ್ಷ ಬಿಟ್ಟು ಬೇರೆಲ್ಲಾದರೂ ಪೋಲ್ ಸಿಕ್ಕರೆ ನಿಮ್ಮ ಮಾದರಿ ಕಾರಣ-ಪರಿಣಾಮದ ನಿಯಮವನ್ನು ಮುರಿದಿದೆ. ಆ ಫಿಟ್ ಎಷ್ಟೇ ಚೆನ್ನಾಗಿರಲಿ, ಬಿಟ್ಟುಬಿಡಿ.

ಪೋಲ್ ಸಿಕ್ಕಿತು. ಅದರ ಜಾಗದಲ್ಲಿ ಪ್ರತಿ ಚಾನೆಲ್‌ನ ರೆಸಿಡ್ಯೂ (ಪೋಲ್ ಎಷ್ಟು ಬಲವಾಗಿದೆ ಎಂದು ಹೇಳುವ ಗುಣಾಂಕ) ಲೆಕ್ಕ ಹಾಕಿ. ಕಪ್ಲಿಂಗ್ ಎಂದು ಹೇಳಬೇಕಾದದ್ದು ಅದನ್ನೇ, ಫ್ಲಾಟೆಯ ನಿಯತಾಂಕವನ್ನಲ್ಲ. ಹೊಸ್ತಿಲ ಬಳಿ ಬ್ರಾಂಚಿಂಗ್ ಅನುಪಾತ ಎಂಬ ಮಾತಿಗೂ ಎಚ್ಚರ ಬೇಕು. ಎಫ್0(980) ಎಷ್ಟು ಪಾಲು ಕೇಯಾನ್ ಜೋಡಿಗೆ ಒಡೆಯುತ್ತದೆ ಎಂದು ಕೇಳಿದರೆ, ಅದರ ಹೆಚ್ಚಿನ ಭಾಗ ಹೊಸ್ತಿಲ ಕೆಳಗೇ ಇರುವಾಗ ಉತ್ತರ ನಿಮ್ಮ ವ್ಯಾಖ್ಯಾನಕ್ಕೆ ಅಂಟಿಕೊಂಡಿರುತ್ತದೆ. ರೆಸಿಡ್ಯೂಗೆ ಆ ತೊಂದರೆ ಇಲ್ಲ.

ಅನಿಶ್ಚಿತತೆ

ಫಿಟ್ ಪ್ರೋಗ್ರಾಂ ಕೊಡುವ ಅನಿಶ್ಚಿತತೆಯನ್ನು ಪೋಲ್‌ಗೆ ನೇರವಾಗಿ ಸಾಗಿಸುವುದು ಇಲ್ಲಿ ನಡೆಯುವುದಿಲ್ಲ. ಸಂಬಂಧ ಸರಳ ರೇಖೆಯಲ್ಲಿರುವುದಿಲ್ಲ. ಬೂಟ್‌ಸ್ಟ್ರಾಪ್ ಮಾಡಿ: ಡೇಟಾವನ್ನು ಸಾವಿರ ಸಲ ಮರು-ಆಯ್ಕೆ ಮಾಡಿ, ಪ್ರತಿ ಸಲ ಫಿಟ್ ಮಾಡಿ, ಪ್ರತಿ ಸಲ ಪೋಲ್ ಹುಡುಕಿ, ಸಿಕ್ಕ ಸಾವಿರ ಬಿಂದುಗಳನ್ನು ಸಮತಲದ ಮೇಲೆ ಚುಕ್ಕೆ ಇಡಿ. ಕೆಲವೊಮ್ಮೆ ಚುಕ್ಕೆಗಳ ಮೋಡ ಹೊಸ್ತಿಲನ್ನು ಸುತ್ತಿಕೊಂಡು ಎರಡು ಹಾಳೆಗಳಿಗೆ ಹರಡುತ್ತದೆ. ಆಗ ಬಂಧಿತವೋ ವರ್ಚುವಲೋ ಎಂದು ಡೇಟಾ ಇನ್ನೂ ಹೇಳಿಲ್ಲ ಎಂದೇ ಬರೆಯಬೇಕು. ಬಲವಂತವಾಗಿ ಒಂದು ಪಕ್ಷ ಹಿಡಿಯಬೇಡಿ.

ಆಮೇಲೆ ಮಾದರಿಯನ್ನೇ ಬದಲಿಸಿ ಎಲ್ಲವನ್ನೂ ಮತ್ತೆ ಮಾಡಿ. ಇದು ಬೇಸರದ ಕೆಲಸ, ಆದರೆ ತಪ್ಪಿಸುವಂತಿಲ್ಲ. ಪೆಂಟಾಕ್ವಾರ್ಕ್ ಪಿಸಿ(4312) ಉದಾಹರಣೆ ನೋಡಿ. 2019ರಲ್ಲಿ ಎಲ್‌ಎಚ್‌ಸಿಬಿ ಕೊಟ್ಟ ರಾಶಿ 4311.9 ಎಂಇವಿ, ಸಿಗ್ಮಾ-ಸಿ ಮತ್ತು ಡಿ ಜೋಡಿಯ ಹೊಸ್ತಿಲಿಗಿಂತ ಸುಮಾರು 6 ಎಂಇವಿ ಕೆಳಗೆ. ಆ ಡೇಟಾವನ್ನೇ ಹಿಡಿದು ಜೆಪ್ಯಾಕ್ ಎಂಬ ವಿಶ್ಲೇಷಕರ ಗುಂಪು ಇದು ವರ್ಚುವಲ್ ಸ್ಥಿತಿ ಇರಬಹುದು ಎಂದಿತು. ಬೇರೆ ಗುಂಪುಗಳು ಬಂಧಿತ ಅಣುವಿನಂಥ ಸ್ಥಿತಿ ಎಂದವು. ಇಬ್ಬರೂ ಗಂಭೀರವಾಗಿ ಲೆಕ್ಕ ಮಾಡಿದವರೇ. ಬೇರೆಯಾದದ್ದು ಮಾದರಿಯೊಳಗಿನ ಊಹೆಗಳು.

ಇದು ಕಣವೇನಾ?

ಪೋಲ್ ಇಲ್ಲದೆಯೂ ಹೊಸ್ತಿಲಲ್ಲಿ ಆಕಾರಗಳು ಹುಟ್ಟುತ್ತವೆ. ಬರೀ ಕಸ್ಪ್‌ಗೆ ಚಂದದ ಉದಾಹರಣೆ ಚಾರ್ಜ್ ಇರುವ ಕೇಯಾನ್ ಒಡೆದು ಮೂರು ಪಯಾನ್ ಆಗುವುದು. ಎರಡು ತಟಸ್ಥ ಪಯಾನ್‌ಗಳ ರಾಶಿ 279 ಎಂಇವಿ ಮುಟ್ಟಿದಾಗ, ಅಂದರೆ ಎರಡು ಚಾರ್ಜ್ ಪಯಾನ್‌ಗಳ ಹೊಸ್ತಿಲಲ್ಲಿ, ವಕ್ರರೇಖೆ ಥಟ್ಟನೆ ಮುರಿಯುತ್ತದೆ. ಎನ್‌ಎ48/2 ಪ್ರಯೋಗ ಅದನ್ನು ಕಂಡಿತು. ಕಬಿಬ್ಬೊ ತೋರಿಸಿದ ದಾರಿಯಲ್ಲಿ ಆ ಮುರಿತದಿಂದಲೇ ಪಯಾನ್‌ಗಳ ಚದುರಿಕೆಯ ಉದ್ದ ಸಿಕ್ಕಿತು. ಅಲ್ಲಿ ಹೊಸ ಕಣ ಇರಲಿಲ್ಲ. ಸಾಮಾನ್ಯವಾಗಿ ಬರೀ ಕಸ್ಪ್ ಸಣ್ಣದಾಗಿರುತ್ತದೆ. ಎತ್ತರದ, ಕಿರಿದಾದ ಶಿಖರ ಬರಬೇಕಾದರೆ ಹತ್ತಿರದಲ್ಲಿ ಎಲ್ಲೋ ಪೋಲ್ ಇರಬೇಕು.

ತ್ರಿಕೋನ ಸಿಂಗ್ಯುಲಾರಿಟಿ ಇನ್ನೂ ಮೋಸಗಾರ. ಮೂರು ಮಧ್ಯಂತರ ಕಣಗಳು ಒಟ್ಟಿಗೆ ತಮ್ಮ ನಿಜ ರಾಶಿಯಲ್ಲಿ ಓಡುವಂಥ ಶಕ್ತಿ ಒದಗಿದಾಗ ಶಿಖರ ಬರುತ್ತದೆ. ಕಂಪಾಸ್ ಪ್ರಯೋಗ 2015ರಲ್ಲಿ ಪ್ರಕಟಿಸಿದ ಎ1(1420) ಅಂಥದ್ದು. 2021ರಲ್ಲಿ ಅದೇ ಗುಂಪು, ಹೊಸ ಕಣ ಬೇಡ, ಎ1(1260)ಯಿಂದ ಶುರುವಾಗುವ ತ್ರಿಕೋನವೇ ಡೇಟಾವನ್ನು ವಿವರಿಸುತ್ತದೆ ಎಂದು ತೋರಿಸಿತು. ಪರೀಕ್ಷೆ ಹೇಗೆ? ಬೇರೆ ಉತ್ಪಾದನೆಯಲ್ಲಿ ನೋಡಿ. ತ್ರಿಕೋನದ ಶಿಖರ ಹೊರಗಿನ ರಾಶಿ ಮತ್ತು ಶಕ್ತಿಗೆ ಕಟ್ಟುಬಿದ್ದಿದೆ, ಅವು ಬದಲಾದರೆ ಮಾಯವಾಗುತ್ತದೆ. ಪೋಲ್ ಎಲ್ಲ ಕಡೆಯೂ ಉಳಿಯುತ್ತದೆ. ಆಂಪ್ಲಿಟ್ಯೂಡ್‌ನ ಫೇಸ್ ತಿರುಗುವುದನ್ನೇ ಸಾಕ್ಷಿಯೆಂದು ನಂಬಬೇಡಿ, ತ್ರಿಕೋನವೂ ಫೇಸನ್ನು ತಿರುಗಿಸುತ್ತದೆ.

ಒಳಗೇನಿದೆ ಎಂದು ಕೇಳುವುದು

ಪೋಲ್ ಗಟ್ಟಿಯಾದ ಮೇಲೆ, ಇದು ಎರಡು ಹ್ಯಾಡ್ರಾನ್‌ಗಳ ಸಡಿಲ ಅಣುವೋ, ಬಿಗಿಯಾದ ಕ್ವಾರ್ಕ್ ಗುಂಪೋ ಎಂದು ಕೇಳಬಹುದು. ವೈನ್‌ಬರ್ಗ್ 1965ರಲ್ಲಿ ಡ್ಯೂಟರಾನ್‌ಗೆ ಹಾಕಿದ ಲೆಕ್ಕ ಇಲ್ಲಿಗೂ ಬರುತ್ತದೆ. ಬಂಧನ ಶಕ್ತಿಯಿಂದ ಒಂದು ಉದ್ದ ಸಿಗುತ್ತದೆ: 1 ಭಾಗಿಸು ವರ್ಗಮೂಲ(2 × ರೆಡ್ಯೂಸ್ಡ್ ಮಾಸ್ × ಬಂಧನ ಶಕ್ತಿ). ಪೂರ್ತಿ ಅಣುವಾಗಿದ್ದರೆ ಚದುರಿಕೆಯ ಉದ್ದ ಇದಕ್ಕೆ ಹತ್ತಿರ, ಪರಿಣಾಮಕಾರಿ ವ್ಯಾಪ್ತಿ ಬಲದ ವ್ಯಾಪ್ತಿಯಷ್ಟು ಚಿಕ್ಕದು. ಬಿಗಿ ಗುಂಪಾಗಿದ್ದರೆ ಚದುರಿಕೆಯ ಉದ್ದ ಕುಗ್ಗುತ್ತದೆ, ಪರಿಣಾಮಕಾರಿ ವ್ಯಾಪ್ತಿ ದೊಡ್ಡ ಋಣ ಸಂಖ್ಯೆಯಾಗುತ್ತದೆ. ಡ್ಯೂಟರಾನ್‌ನ ಬಂಧನ ಶಕ್ತಿ 2.22 ಎಂಇವಿ, ಉದ್ದ 4.3 ಫರ್ಮಿ. ಅಳೆದ ಪರಿಣಾಮಕಾರಿ ವ್ಯಾಪ್ತಿ +1.76 ಫರ್ಮಿ. ಋಣವೂ ಅಲ್ಲ, ದೊಡ್ಡದೂ ಅಲ್ಲ. ಅಣುವೇ.

ಟಿಸಿಸಿಗೆ ಪೋಲ್‌ನಿಂದ ಬಂದ ಬಂಧನ ಶಕ್ತಿ 360 ಕೆಇವಿ ಹಾಕಿದರೆ ಉದ್ದ 7.5 ಫರ್ಮಿ ಬರುತ್ತದೆ. ಎಕ್ಸ್(3872) ಹೊಸ್ತಿಲಿಂದ 100 ಕೆಇವಿ ಕೆಳಗಿದ್ದರೆ 14 ಫರ್ಮಿ. ಪ್ರೋಟಾನ್‌ನ ತ್ರಿಜ್ಯ 0.84 ಫರ್ಮಿ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಈ ಲೆಕ್ಕಕ್ಕೆ ಗಡಿಗಳಿವೆ. ಎಸ್-ವೇವ್ ಆಗಿರಬೇಕು, ಪೋಲ್ ಹೊಸ್ತಿಲಿಗೆ ತೀರಾ ಹತ್ತಿರ ಇರಬೇಕು, ಜೋಡಿಯ ಕಣಗಳು ಸಾಕಷ್ಟು ಸ್ಥಿರವಾಗಿರಬೇಕು. ಡಿಎಸ್0(2317) ತನ್ನ ಡಿ-ಕೇಯಾನ್ ಹೊಸ್ತಿಲಿಗಿಂತ ಸುಮಾರು 45 ಎಂಇವಿ ಕೆಳಗಿದೆ. ಅಲ್ಲಿ ಇದನ್ನು ಒರಟು ಅಂದಾಜಾಗಿ ಮಾತ್ರ ನೋಡಬೇಕು.

ಬರೆಯುವಾಗ

ಫಲಿತಾಂಶದ ಪಟ್ಟಿಯಲ್ಲಿ ಪೋಲ್‌ನ ಸಂಕೀರ್ಣ ಶಕ್ತಿ, ಅದು ಯಾವ ಹಾಳೆಯಲ್ಲಿದೆ, ಹತ್ತಿರದ ಹೊಸ್ತಿಲಿಂದ ಎಷ್ಟು ದೂರ, ರೆಸಿಡ್ಯೂಗಳು, ಚದುರಿಕೆಯ ಉದ್ದ ಮತ್ತು ಅದರ ಚಿಹ್ನೆಯ ಪದ್ಧತಿ ಇರಲಿ. ಹೊಸ್ತಿಲ ಲೆಕ್ಕಕ್ಕೆ ಬಳಸಿದ ಕಣಗಳ ರಾಶಿಗಳನ್ನೂ ಕೊಡಿ. ಮುಂದೆ ಡಿ ಮೀಸಾನ್‌ನ ರಾಶಿ 50 ಕೆಇವಿ ಸರಿದರೆ ನಿಮ್ಮ ಬಂಧನ ಶಕ್ತಿಯೂ ಸರಿಯುತ್ತದೆ. ಆಗ ಓದುವವರು ತಾವೇ ತಿದ್ದಿಕೊಳ್ಳಬಹುದು. ಬ್ರೈಟ್-ವಿಗ್ನರ್ ಸಂಖ್ಯೆಗಳನ್ನು ಹಳೆಯ ಅಳತೆಗಳ ಹೋಲಿಕೆಗೆ ಕೊಡುವುದಾದರೆ ಬೇರೆ ಸಾಲಿನಲ್ಲಿ, ಬೇರೆ ಹೆಸರಿನಲ್ಲಿ ಕೊಡಿ. ಸಾಧ್ಯವಾದರೆ ಆಂಪ್ಲಿಟ್ಯೂಡ್‌ನ ಪೂರ್ತಿ ಸೂತ್ರ, ನಿಯತಾಂಕಗಳು, ಅವುಗಳ ಕೋವೇರಿಯನ್ಸ್ ಮ್ಯಾಟ್ರಿಕ್ಸ್, ರೆಸಲ್ಯೂಷನ್ ಫಂಕ್ಷನ್ ಇವನ್ನೂ ಜೊತೆಗೆ ಹಾಕಿ. ಮತ್ತೊಬ್ಬರು ತಮ್ಮ ಮಾದರಿಯನ್ನು ನಿಮ್ಮ ಡೇಟಾ ಮೇಲೆ ಓಡಿಸಿ ನೋಡಲು ಬೇಕಾದದ್ದು ಇಷ್ಟೇ.